ಮಗುವಿನ ಬೆನ್ನು ‘ಟಕ್’ ಅನ್ನಿಸುವ ಮೊದಲು

ಈ ಎರಡು ವರ್ಷದಲ್ಲಿ ಒಂದೇ ಪ್ರಶ್ನೆ ಹಿಡಿದು ನನ್ನ ಹತ್ತಿರ ಬಂದ ನಾಲ್ಕನೇ ಮನೆ ಇದು. ಒಂದು ಮಗುವಿಗೆ ತಲೆನೋವು, ಇನ್ನೊಂದಕ್ಕೆ ಕೂತಲ್ಲಿ ಕೂರಲಾಗದ ಚಡಪಡಿಕೆ, ಮತ್ತೊಂದಕ್ಕೆ ಕಾಲುನೋವು. ಮನೆಯಲ್ಲಿ ಯಾರೋ ಒಬ್ಬರ ಮೊಬೈಲಿಗೆ ಒಂದು ವಿಡಿಯೋ ಬಂದಿರುತ್ತದೆ. ಮಲಗಿದವರ ಕತ್ತು ಹಿಡಿದು ತಿರುಗಿಸುತ್ತಾರೆ, ‘ಟಕ್’ ಅನ್ನುತ್ತದೆ, ಎದ್ದವರು ನಗುತ್ತಾರೆ. ಆಮೇಲೆ ಅಪ್ಪ ಅಮ್ಮ ನನ್ನ ಮುಂದೆ ಕೂತು ಕೇಳುತ್ತಾರೆ, “ಮೇಡಂ, ಮಗುವಿಗೆ ಕೈರೋಪ್ರಾಕ್ಟಿಕ್ ಮಾಡಿಸಬಹುದಾ?” ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ತಿರುಗಿಸುವ ಚಿಕಿತ್ಸೆ ಅದು. ನಾಲ್ಕನೇ ಸಲ ಕೇಳಿದ ಮೇಲೆ ಬರೆಯಲೇಬೇಕು ಅನ್ನಿಸಿತು. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಹುಡುಗನನ್ನು ಪುಟ್ಟ ಅಂತ ಕರೆಯೋಣ. ಹತ್ತು ವರ್ಷ, ಐದನೇ ಕ್ಲಾಸು, ತುಮಕೂರಿನಲ್ಲೇ ಮನೆ. ವಾರಕ್ಕೆ ನಾಲ್ಕೈದು ರಾತ್ರಿ ಹಾಸಿಗೆಯಲ್ಲೇ ಉಚ್ಚೆ ಹೋಗುತ್ತದೆ. ರಜೆಯಲ್ಲಿ ಶಿರಾದ ಅತ್ತೆ ಮನೆಗೆ ಹೋಗಲ್ಲ ಅಂತ ಬಸ್‌ಸ್ಟ್ಯಾಂಡಿನಲ್ಲೇ ಅತ್ತಿದ್ದ. ಬೆಂಗಳೂರಿನಲ್ಲಿ ಒಬ್ಬರು ಬೆನ್ನು ಮುಟ್ಟಿ ನೋಡಿ, “ಸೊಂಟದ ಹತ್ತಿರ ಮೂಳೆ ಜರುಗಿದೆ, ಮೂತ್ರಚೀಲಕ್ಕೆ ಹೋಗೋ ನರ ಒತ್ತಿಕೊಂಡಿದೆ, ಹನ್ನೆರಡು ಸಿಟ್ಟಿಂಗ್ ಬೇಕು” ಅಂದಿದ್ದರಂತೆ. ಅಮ್ಮ ಐದು ಸಾವಿರ ಅಡ್ವಾನ್ಸ್ ಕಟ್ಟಿ ಬಂದಿದ್ದರು. ಅಪ್ಪನಿಗೆ ಸುತರಾಂ ಇಷ್ಟವಿಲ್ಲ. ಅಜ್ಜಿ ಮಾತ್ರ, “ನೆಟಿಗೆ ತೆಗೆಯೋಕೆ ಅಷ್ಟು ದುಡ್ಡಾ? ಎಣ್ಣೆ ಹಚ್ಚಿ ನಾನೇ ತೆಗೀತೀನಿ ಬಿಡು” ಅಂದಿದ್ದರು. “ಇವರಪ್ಪನಿಗೂ ಏಳನೇ ಕ್ಲಾಸಿನವರೆಗೆ ಇತ್ತು” ಅಂತಲೂ ಸೇರಿಸಿದರು. ಅಪ್ಪ ತಲೆ ಎತ್ತಲಿಲ್ಲ.

ಮೊದಲ ದಿನ ಪೂರ್ತಿ ದೊಡ್ಡವರೇ ಮಾತಾಡಿದರು. ಪುಟ್ಟ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವತ್ತು ಅವನನ್ನು ನಾನು ಏನೂ ಕೇಳಲಿಲ್ಲ. ಈಗಲೂ ಅದು ನನಗೆ ಕೊರೆಯುತ್ತದೆ.

ಎರಡನೇ ಸಲ ಅಮ್ಮ ಅವನನ್ನು ಸ್ಕೂಲಿನಿಂದ ನೇರ ಕರೆದುಕೊಂಡು ಬಂದರು. ಮಾರ್ಚ್ ತಿಂಗಳು, ಸಂಜೆ ನಾಲ್ಕೂವರೆ. ನನ್ನ ರೂಮಿನ ನೀರಿನ ಕ್ಯಾನು ಖಾಲಿಯಾಗಿತ್ತು. ಗಂಟಲು ಒಣಗಿ, “ಪುಟ್ಟ, ನಿನ್ನ ಹತ್ರ ನೀರಿದೆಯೇನೋ?” ಅಂದೆ. ಬ್ಯಾಗಿನ ಪಕ್ಕದ ಜೇಬಿನಿಂದ ನೀಲಿ ಬಾಟಲಿ ತೆಗೆದುಕೊಟ್ಟ. ಕೈಗೆ ಭಾರ ಬಿತ್ತು. ಮುಚ್ಚಳ ತೆಗೆದರೆ ಕತ್ತಿನವರೆಗೂ ನೀರು. ಬೆಳಿಗ್ಗೆ ಅಮ್ಮ ತುಂಬಿಸಿದ್ದು, ಬಿಸಿಲಿಗೆ ಬೆಚ್ಚಗಾಗಿ ಹಾಗೇ ಇತ್ತು.

“ಇವತ್ತು ಕುಡಿದೇ ಇಲ್ವಾ?”

“ಸ್ಕೂಲಲ್ಲಿ ಕುಡಿಯಲ್ಲ ಮಿಸ್.”

“ಯಾಕೆ?”

ಬಾಟಲಿ ವಾಪಸ್ ಇಸ್ಕೊಂಡು ಅದರ ಮೇಲಿದ್ದ ಸ್ಟಿಕ್ಕರನ್ನು ಉಗುರಿನಿಂದ ಕೆರೆಯುತ್ತಾ ಕೂತ. ನಾನೂ ಸುಮ್ನಿದ್ದೆ.

“ಕುಡಿದ್ರೆ ಬರುತ್ತೆ.”

“ಬಂದ್ರೆ ಹೋಗಬಹುದಲ್ವಾ?”

“ಅಲ್ಲಿ ಚಿಲಕ ಇಲ್ಲ. ಬಾಗಿಲು ತಳ್ತಾರೆ.”

ಎರಡಕ್ಕೆ ದಿನಾ ಹೋಗುತ್ತೀಯಾ ಅಂತ ಕೇಳಿದೆ. ಮೂರು ದಿನಕ್ಕೊಂದು ಸಲ ಅಂದ. ನೋಯುತ್ತೆ ಅಂದ. ಸಂಜೆ ಮನೆಗೆ ಹೋದ ತಕ್ಷಣ ಎರಡು ಚೊಂಬು ನೀರು ಕುಡಿಯುತ್ತಾನೆ, ಮಲಗುವಾಗ ದೊಡ್ಡ ಲೋಟದಲ್ಲಿ ಹಾಲು. ಪಕ್ಕದಲ್ಲಿ ಕೂತಿದ್ದ ಅಮ್ಮನ ಮುಖ ಬಿಳಚಿಕೊಂಡಿತ್ತು. “ದಿನಾ ಆ ಬಾಟಲಿ ನೀರನ್ನ ನಾನೇ ತುಳಸಿ ಗಿಡಕ್ಕೆ ಹಾಕ್ತೀನಿ ಮೇಡಂ” ಅಂದರು.

ನಾನು ಹೇಳಿದ್ದು ಇಷ್ಟು. ಅಡ್ವಾನ್ಸ್ ಹೋದರೆ ಹೋಗಲಿ. ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ. ಈ ಬಾಟಲಿ ವಿಷಯ, ಎರಡಕ್ಕೆ ನೋಯುವ ವಿಷಯ ಎರಡನ್ನೂ ಮರೆಯದೆ ಹೇಳಿ. ಬೆನ್ನು ಟಕ್ಕೆನ್ನಿಸುವುದು ಬೇಡ.

“ನೀವು ಡಾಕ್ಟರ್ ಅಲ್ಲವಲ್ಲ, ಬೇಡ ಅಂತ ಹೇಗೆ ಹೇಳಿದಿರಿ?” ಅಂತ ಆಮೇಲೆ ನನ್ನ ಸ್ನೇಹಿತರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಚಿಕಿತ್ಸೆ ಬರೆದುಕೊಡುವುದು ನನ್ನ ಕೆಲಸ ಅಲ್ಲ. ಆದರೆ ಹೆದರಿದ ಅಮ್ಮನ ಜೊತೆ ಕೂತು ಯೋಚನೆ ಮಾಡುವುದು ನನ್ನ ಕೆಲಸವೇ. ಯೋಚಿಸಿ ನೋಡಿ. ಮೂತ್ರಚೀಲದ ನರ ನಿಜವಾಗಿಯೂ ಒತ್ತಿಕೊಂಡಿದೆ ಅಂದುಕೊಳ್ಳೋಣ. ಆಗ ಹಗಲಲ್ಲೂ ಸೋರಬಹುದು, ಕಾಲಿನ ಬಲ ಕುಗ್ಗಬಹುದು, ಮಲ ತಡೆಯಲಾಗದೆ ಹೋಗಬಹುದು. ಅಂಥ ಬೆನ್ನನ್ನು ಯಾರೂ ಒತ್ತಿ ತಿರುಗಿಸಬಾರದು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನರ ಒತ್ತಿಕೊಂಡಿಲ್ಲ ಅಂದರೆ ತಿರುಗಿಸುವುದಾದರೂ ಯಾಕೆ? ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಹನ್ನೆರಡು ಸಿಟ್ಟಿಂಗ್‌ಗೆ ಜಾಗ ಸಿಗಲಿಲ್ಲ.

ಕೈರೋಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ. ಡಿ.ಡಿ. ಪಾಮರ್ ಅನ್ನುವವರು ಹೆಚ್ಚಿನ ಕಾಯಿಲೆಗಳಿಗೆ ಬೆನ್ನುಮೂಳೆ ಜರುಗುವುದೇ ಕಾರಣ ಅಂದರು. ಆ ಮಾತು ಇವತ್ತಿಗೂ ರೂಪ ಬದಲಿಸಿಕೊಂಡು ನಮ್ಮವರ ಕಿವಿಗೆ ಬೀಳುತ್ತಿದೆ. ‘ಟಕ್’ ಸದ್ದು ಬಂದರೆ ಮೂಳೆ ಜಾಗಕ್ಕೆ ಕೂತಿತು ಅಂದುಕೊಳ್ಳುತ್ತೇವೆ. ಅದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಿಂದ ಬರುವ ಸದ್ದು. ಅಜ್ಜಿ ಬೆರಳಿನ ನೆಟಿಗೆ ತೆಗೆದಾಗ ಬರುವುದೂ ಅದೇ. ದೊಡ್ಡವರ ಸೊಂಟನೋವಿಗೆ ಕೆಲವರಿಗೆ ಸ್ವಲ್ಪ ಆರಾಮ ಸಿಗಬಹುದು, ಇಲ್ಲ ಅನ್ನಲ್ಲ. ಮಗುವಿನ ಉಚ್ಚೆ, ಉಬ್ಬಸ, ಕಿವಿನೋವಿಗೆ ಇದರಿಂದ ಗುಣವಾಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2019ರಲ್ಲಿ ಒಂದು ಪರಿಶೀಲನೆ ಆಯಿತು. ಹನ್ನೆರಡರೊಳಗಿನ ಮಕ್ಕಳಿಗೆ ಇಂಥ ತೊಂದರೆಗಳಿಗಾಗಿ ಬೆನ್ನುಮೂಳೆ ತಿರುಗಿಸಬಾರದು ಅಂತ ಅದು ಹೇಳಿತು. ಹಾಸಿಗೆ ಒದ್ದೆ ಮಾಡುವುದೂ ಆ ಪಟ್ಟಿಯಲ್ಲಿದೆ. ಹಾನಿಯಾದ ವರದಿಗಳು ಕಡಿಮೆ ಅಂತಲೂ ಅದೇ ಪರಿಶೀಲನೆ ಒಪ್ಪಿಕೊಂಡಿದೆ, ಅದನ್ನೂ ಇಲ್ಲಿ ಹೇಳಬೇಕು. ಆದರೆ ಲಾಭವೇ ಕಾಣದ ಕಡೆ ಹತ್ತು ವರ್ಷದ ಕತ್ತನ್ನು ಪಣಕ್ಕಿಡಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ದೇಶದಲ್ಲಿ ಡಾಕ್ಟರುಗಳಿಗೆ ಇರುವ ಹಾಗೆ ಕೈರೋಪ್ರಾಕ್ಟರುಗಳನ್ನು ನೋಂದಾಯಿಸುವ ಕಾನೂನಿನ ಕೌನ್ಸಿಲ್ ಇಲ್ಲ. ಏನಾದರೂ ಎಡವಟ್ಟಾದರೆ ಯಾರನ್ನು ಹೋಗಿ ಕೇಳುತ್ತೀರಿ?

“ಪಕ್ಕದ ಮನೆ ಮಗುವಿಗೆ ವಾಸಿ ಆಯ್ತಲ್ಲ ಮೇಡಂ” ಅಂತ ಪುಟ್ಟನ ಅಮ್ಮ ಕೇಳಿದರು. ಆಗಿರಬಹುದು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಹಾಸಿಗೆ ಒದ್ದೆ ಮಾಡುವ ತೊಂದರೆ ಇರುತ್ತದೆ. ಪ್ರತಿ ವರ್ಷ ಅವರಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ ತಾನಾಗಿಯೇ ನಿಲ್ಲುತ್ತದೆ. ನಿಲ್ಲುವ ಹೊತ್ತಿಗೆ ಏನು ಮಾಡಿಸುತ್ತಿದ್ದೆವೋ, ಹೆಸರು ಅದಕ್ಕೇ ಹೋಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಆ ಕಾಲುನೋವಿನ ಮಗು ಬಂದಿದ್ದು ಪಾವಗಡದ ಕಡೆಯಿಂದ. ಆ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ವರ್ಷಗಟ್ಟಲೆ ಮೀರಿದ ನೀರು ಕುಡಿದರೆ ಹಲ್ಲು ಕಂದಾಗುತ್ತದೆ, ಮೂಳೆ, ಕೀಲು ಬಿಗಿಯುತ್ತವೆ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅಂಥ ಮಗುವಿನ ಮೂಳೆಯನ್ನು ಹಿಡಿದು ತಿರುಗಿಸುವ ಮೊದಲು ಮನೆಗೆ ಬರುವ ನೀರು ಪರೀಕ್ಷೆಯಾಗಬೇಕು, ಅಲ್ವಾ? ಜ್ವರದ ಜೊತೆ ಬೆನ್ನುನೋವು, ರಾತ್ರಿ ಎಬ್ಬಿಸುವ ನೋವು, ತೂಕ ಇಳಿಯುವುದು, ನಡಿಗೆ ಬದಲಾಗುವುದು, ಇವು ಇದ್ದರೆ ಒಂದು ದಿನವೂ ಕಾಯಬೇಡಿ. ಸರಿಯಾಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ, ಬಾಯಾರಿಕೆಯೂ ಜಾಸ್ತಿ ಇದ್ದರೆ, ಅವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ. ಆಟಕ್ಕೋ ಬ್ಯಾಗಿನ ಭಾರಕ್ಕೋ ಹೈಸ್ಕೂಲ್ ಮಕ್ಕಳ ಸೊಂಟ ಹಿಡಿದುಕೊಂಡರೆ ಡಾಕ್ಟರು ನೋಡಿದ ಮೇಲೆ ಫಿಸಿಯೋಥೆರಪಿ ಮಾಡಿಸುವುದು ಒಳ್ಳೆಯದೇ. ನಾನು ಕೈಚಿಕಿತ್ಸೆಯ ಶತ್ರು ಅಲ್ಲ.

ಪುಟ್ಟನ ಮೂತ್ರ ಪರೀಕ್ಷೆ, ಸಕ್ಕರೆ ಎರಡೂ ಸರಿ ಇದ್ದವು. ಡಾಕ್ಟರು ಅವನ ಸೊಂಟ, ಕಾಲು ಎಲ್ಲ ನೋಡಿದರು, ಅಲ್ಲೂ ತೊಂದರೆ ಇರಲಿಲ್ಲ. ಹೊಟ್ಟೆ ಮುಟ್ಟಿದಾಗ ಗಟ್ಟಿ ಮಲ ಕೈಗೆ ಸಿಕ್ಕಿತಂತೆ. ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತದೆ, ಹಾಗಾಗಿ ಅದರಲ್ಲಿ ಜಾಸ್ತಿ ಹೊತ್ತು ಉಚ್ಚೆ ನಿಲ್ಲುವುದಿಲ್ಲ. ಮಲ ಮೆತ್ತಗಾಗಲು ಪುಡಿ ಕೊಟ್ಟರು. ತಿಂಡಿ ಆದ ಮೇಲೆ ದಿನಾ ಹತ್ತು ನಿಮಿಷ ಕೂರುವುದು, ನೀರೆಲ್ಲ ಸಂಜೆಯೊಳಗೆ ಕುಡಿದು ಮುಗಿಸುವುದು, ಮಲಗುವ ಮೊದಲು ಒಂದು ಸಲ ಹೋಗಿಬರುವುದು. ಬೈಯುವುದು ಬೇಡವೇ ಬೇಡ. ಇದನ್ನು ನಾನು ಅಪ್ಪನಿಗೆ ಬೇರೆಯಾಗಿ ಕೂರಿಸಿ ಹೇಳಿದೆ. ಅವರು ತಮ್ಮ ಏಳನೇ ಕ್ಲಾಸಿನ ಬಗ್ಗೆ ಸ್ವಲ್ಪ ಮಾತಾಡಿದರು. ಅದು ಅವರದ್ದು, ಇಲ್ಲಿ ಬರೆಯುವುದಿಲ್ಲ. ಮಾರನೇ ವಾರ ಸ್ಕೂಲಿಗೆ ಹೋಗಿ ಹೆಡ್‌ಮೇಡಂ ಜೊತೆ ಮಾತಾಡಿ, ಬಾಗಿಲಿಗೆ ಚಿಲಕ ಹಾಕಿಸಿ ಬಂದರು.

ಎರಡು ತಿಂಗಳಾದ ಮೇಲೆ ಅಮ್ಮ ಫೋನ್ ಮಾಡಿದರು. ಪೂರ್ತಿ ನಿಂತಿಲ್ಲ, ವಾರಕ್ಕೊಂದು ಸಲ ಈಗಲೂ ಆಗುತ್ತದೆ. ಬಾಟಲಿ ಅರ್ಧ ಖಾಲಿಯಾಗಿ ಮನೆಗೆ ಬರುತ್ತಿದೆಯಂತೆ. ಅವರು ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ಶಿರಾದ ಅತ್ತೆ ಮನೆಯಲ್ಲಿ ಗೃಹಪ್ರವೇಶ, ಎರಡು ರಾತ್ರಿ ಉಳಿಯಬೇಕು, ಪುಟ್ಟ ತಾನೂ ಬರುತ್ತೀನಿ ಅಂತಿದ್ದಾನೆ. ಕಳಿಸಲಾ ಬೇಡವಾ ಅಂತ ಕೇಳಿದರು. ಕಳಿಸಿ ಅಂದೆ. ಬ್ಯಾಗಿನಲ್ಲಿ ಇನ್ನೊಂದು ಚಡ್ಡಿ, ಒಂದು ಪ್ಲಾಸ್ಟಿಕ್ ಕವರ್ ಅವನ ಕೈಯಲ್ಲೇ ಇಡಿಸಿ, ಅತ್ತೆಗೆ ಹೇಳಬೇಕಾ ಬೇಡವಾ ಅಂತ ಅವನನ್ನೇ ಕೇಳಿ ಅಂದೆ. ಫೋನ್ ಹಿಡಿದುಕೊಂಡೇ ಕೇಳಿದರು. “ಅತ್ತೆಗೆ ಮಾತ್ರ ಹೇಳು, ಮಾವಂಗೆ ಬೇಡ” ಅಂತ ಹಿಂದಿನಿಂದ ಕೇಳಿಸಿತು.