ಕೇಳ್ರಿ, ಹೇಳ್ತೀನಿ: ನಲ್ಲಿಗೆ ನೀರಿಲ್ಲ, ಮೈದಾನಕ್ಕೆ ಯಾಕೆ?

ಕಳೆದ ಸಲ ಈ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ, ಬೆಳಗಾವಿ ಕಡೆ ಹಾಕಿ ನೋಡುವವರನ್ನು ಬೆರಳ ಮೇಲೆ ಎಣಿಸಬಹುದು ಅಂತ. ತಪ್ಪಾಯಿತು ರೀ. ಬೈಗುಳದ ಕಾಗದ, ವಾಟ್ಸಾಪು, ಇಮೇಲು ಎಲ್ಲಾ ಸೇರಿ ಟೇಬಲ್ ಮೇಲೆ ಚಹಾದ ಕಪ್ ಇಡೋಕೂ ಜಾಗ ಇಲ್ಲ. ಅದಕ್ಕೇ ಈ ಸಲ ಹೆಚ್ಚೂಕಡಿಮೆ ಪೂರ್ತಿ ಹಾಕಿ. ಅತ್ತೆ-ಸೊಸೆ ಜಗಳದವರು, ಕೂದಲು ಉದುರುವವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರಶ್ನೆ: ನಮ್ಮ ಓಣಿಗೆ ನಲ್ಲಿ ನೀರು ಬರೋದು ಎಂಟು ದಿನಕ್ಕೊಮ್ಮೆ. ಟಿವಿಯಲ್ಲಿ ನೋಡಿದರೆ ಹಾಕಿ ಮೈದಾನಕ್ಕೆ ಆಟಕ್ಕಿಂತ ಮುಂಚೆ ತೋಪು ಹಾರಿಸಿದ ಹಾಗೆ ನೀರು ಹಾರಿಸುತ್ತಾರೆ. ಅದು ಪ್ಲಾಸ್ಟಿಕ್ ಹುಲ್ಲಂತೆ. ಪ್ಲಾಸ್ಟಿಕ್ಕಿಗೆ ನೀರು ಯಾಕೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, ಹುಲ್ಲು ಬೆಳೆಯಲಿ ಅಂತಲ್ಲ, ಚೆಂಡು ಜಾರಲಿ ಅಂತ. ಒಣಗಿದ ಹಾಸಿನ ಮೇಲೆ ಚೆಂಡು ತಡೆಯುತ್ತದೆ, ಪುಟಿಯುತ್ತದೆ. ನೀರು ಹಾಕಿದರೆ ನೆಲಕ್ಕೆ ಅಂಟಿಕೊಂಡ ಹಾಗೆ ಸರ್ರನೆ ಓಡುತ್ತದೆ. ಇನ್ನೊಂದು ಕಾರಣವೂ ಇದೆ. ಆಟಗಾರರು ಓಡುತ್ತಾ ಬಿದ್ದಾಗ ಒಣ ಹಾಸಿನ ಮೇಲೆ ಮೈ ಉಜ್ಜಿದರೆ ಮೊಣಕಾಲು, ಮೊಣಕೈ ಚರ್ಮ ಕಿತ್ತು ಬರುತ್ತದೆ. ಒದ್ದೆ ಇದ್ದರೆ ಜಾರಿ ಎದ್ದು ಹೋಗಬಹುದು.

ಆದರೆ ನಿಮ್ಮ ಪ್ರಶ್ನೆ ಸಣ್ಣದಲ್ಲ. ಈ ಹಾಸು ಒಲಿಂಪಿಕ್ಸ್‌ಗೆ ಬಂದಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. 1928ರಿಂದ ಅಲ್ಲಿಯವರೆಗೆ ನಾವು ಆಡಿದ ಒಂದು ಒಲಿಂಪಿಕ್ಸ್‌ನಿಂದಲೂ ಹಾಕಿ ಪದಕ ಇಲ್ಲದೆ ಮನೆಗೆ ಬಂದಿರಲಿಲ್ಲ. ಅದರ ಹಿಂದಿನ ವರ್ಷ, 1975ರಲ್ಲಿ, ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಬೇರೆ ತಂದಿದ್ದೆವು. ಮಾಂಟ್ರಿಯಲ್‌ನಲ್ಲಿ ಬಂದ ಸ್ಥಾನ ಏಳನೆಯದು! ಹಾಸು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆಡಳಿತದವರ ಜಗಳವೂ ಬೇಕಾದಷ್ಟಿತ್ತು. ಆದರೆ ನಮ್ಮವರ ಕೈಚಳಕ ಹುಟ್ಟಿದ್ದು ಮಣ್ಣಿನ ಮೇಲೆ, ಗುಂಡಿ ಬಿದ್ದ ಹುಲ್ಲಿನ ಮೇಲೆ. ಚೆಂಡು ಎಲ್ಲಿ ಪುಟಿಯುತ್ತದೋ ಗೊತ್ತಿಲ್ಲದ ನೆಲದಲ್ಲಿ ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಹೋಗುವ ವಿದ್ಯೆ ಅದು. ನೆಲ ಸಪಾಟಾಯಿತು, ಆಟ ಓಟದ ಆಟವಾಯಿತು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂತು, ಹೌದು, ದೊಡ್ಡ ದೊಡ್ಡ ತಂಡಗಳು ಬಹಿಷ್ಕಾರ ಹಾಕಿದ್ದವು ಅನ್ನೋದೂ ಹೌದು. ಮುಂದಿನ ಪದಕಕ್ಕೆ 41 ವರ್ಷ ಕಾಯಬೇಕಾಯಿತು.

ಒಂದು ಹಾಸು ಹಾಕೋಕೆ ಕೋಟಿಗಟ್ಟಲೆ ದುಡ್ಡು, ಮೇಲೆ ಪ್ರತಿ ಆಟಕ್ಕೆ ಇಷ್ಟು ನೀರು. ವಿಜಯಪುರದಂಥ ಊರಲ್ಲಿ ಅದನ್ನು ಯಾರು ಕೇಳಬೇಕು, ಯಾವ ಬಾಯಿಂದ ಕೇಳಬೇಕು? ಜಗತ್ತಿನ ಹಾಕಿ ಸಂಸ್ಥೆಗೂ ಈಗ ಈ ಚಿಂತೆ ಹತ್ತಿದೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹಾಕಿದ್ದು ಮೊದಲಿಗಿಂತ ಕಡಿಮೆ ನೀರು ಸಾಕಾಗುವ ಹಾಸು. ನೀರೇ ಬೇಡದ ಹಾಸು ಬರಲಿ ಅಂತ ಕೆಲಸ ನಡೆದಿದೆ. ಅಲ್ಲಿವರೆಗೆ ನಿಮ್ಮ ಕೊಡ ತುಂಬಿಸಿಟ್ಟುಕೊಳ್ಳಿ.

ಪ್ರಶ್ನೆ: ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೆಕೆಂಡ್ ಶಿಫ್ಟ್ ನಂದು. ಪ್ಯಾರಿಸ್ ಕಂಚಿನ ಪಂದ್ಯದ ದಿನ ಫೋನ್ ನೋಡ್ತಿದ್ದೆ ಅಂತ ಸೂಪರ್‌ವೈಸರ್ ಅರ್ಧ ದಿನದ ಪಗಾರ ಕಟ್ ಮಾಡಿದರು. ದೇಶದ ಆಟ ನೋಡಿದ್ದಕ್ಕೆ ಪಗಾರ ಕಟ್, ಇದು ಅನ್ಯಾಯ ಅಲ್ವಾ?
– ಮೋಲ್ಡಿಂಗ್ ಕೆಲಸದವ, ಬೆಳಗಾವಿ

ಉತ್ತರ: ಅರ್ಧ ದಿನದ್ದು ಜಾಸ್ತಿಯಾಯಿತು, ಬೈದು ಬಿಡಬಹುದಿತ್ತು. ಆದರೆ ತಮ್ಮಾ, ಎಲ್ಲಿ ನಿಂತು ನೋಡ್ತಿದ್ದೆ ಅನ್ನೋದನ್ನು ನೀನು ಬರೆದಿಲ್ಲ. ನನಗೆ ಅನುಮಾನ ಬಂದಿದ್ದು ಅಲ್ಲೇ. ಕರಗಿದ ಕಬ್ಬಿಣ ಅಂದರೆ 1,400 ಡಿಗ್ರಿ ಹತ್ತಿರ. ಅದನ್ನು ಅಚ್ಚಿಗೆ ಸುರಿಯುವ ಹೊತ್ತಿಗೆ ಕ್ಯಾಪ್ಟನ್ ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದರು ಅಂತ ನೀನು ಎರಡು ಕೈ ಮೇಲೆತ್ತಿ ಜಿಗಿದಿದ್ದರೆ? ಅವರೇನೋ ಅರ್ಧಾಟದ ಆಚೆ ಒಂದು, ಈಚೆ ಒಂದು ಪೆನಾಲ್ಟಿ ಕಾರ್ನರ್ (ಎದುರಿನವರು ಗೋಲಿನ ಹತ್ತಿರ ತಪ್ಪು ಮಾಡಿದರೆ ಸಿಗುವ ಅವಕಾಶ) ಹೊಡೆದು ಸ್ಪೇನನ್ನು 2-1ರಿಂದ ಮುಗಿಸಿದರು. ನಿನ್ನ ಪಕ್ಕದವನ ಕಾಲು ಮುಗಿದಿದ್ದರೆ ಆ ಕಂಚು ಏನು ಮಾಡೋದು?

ಅವತ್ತು ಆಗಸ್ಟ್ 8, ಗುರುವಾರ, ಆಟ ಸುರುವಾಗಿದ್ದು ಸಂಜೆ ಐದೂವರೆಗೆ. ವೇಳಾಪಟ್ಟಿ ಮೊದಲೇ ಗೊತ್ತಿರುತ್ತದೆ. ಫಸ್ಟ್ ಶಿಫ್ಟಿನವನ ಜತೆ ಅದಲು ಬದಲು ಮಾಡಿಕೋ, ಅವನಿಗೆ ಕ್ರಿಕೆಟ್ ಇದ್ದ ದಿನ ನೀನು ಹೋಗು. ಇಲ್ಲಾಂದರೆ ರಾತ್ರಿ ಮನೆಗೆ ಹೋಗಿ ಪೂರ್ತಿ ಆಟ ನೋಡು. ಒಂದೇ ತೊಂದರೆ ಅಂದರೆ ಗೇಟಿನ ಹೊರಗಿನ ಚಹಾದ ಅಂಗಡಿಯವನು. ನೀನು ಕಿವಿ ಮುಚ್ಚಿಕೊಂಡು ಹೋದರೂ ಕೂಗಿ ಫಲಿತಾಂಶ ಹೇಳುತ್ತಾನೆ.

ಪ್ರಶ್ನೆ: ಹಾಕಿ ನಮ್ಮ ರಾಷ್ಟ್ರೀಯ ಆಟ ಅಂತ ಮಗನಿಗೆ ಹೇಳಿಕೊಟ್ಟಿದ್ದೆ. ಅವನ ಟೀಚರ್ ತಪ್ಪು ಅಂತ ಕೆಂಪು ಗೀಟು ಹಾಕಿದ್ದಾರೆ. ನಾವೆಲ್ಲ ಓದಿದ್ದು ಸುಳ್ಳಾ?
– ನವನಗರ, ಬಾಗಲಕೋಟೆ

ಉತ್ತರ: ಟೀಚರ್ ಸರಿ. 2012ರಲ್ಲಿ ಲಖನೌದ ಶಾಲಾ ಹುಡುಗಿಯೊಬ್ಬಳು ಮಾಹಿತಿ ಹಕ್ಕಿನಲ್ಲಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಆಟ ಅಂತ ಘೋಷಿಸಿಲ್ಲ ಎಂದು ಕೇಂದ್ರದ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿದೆ. ಆದರೆ ಧ್ಯಾನ್‌ಚಂದ್ ಹುಟ್ಟಿದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ, ಅದು ನಿಜ. ಮುಂದಿನ ಪರೀಕ್ಷೆಗೆ ಅದನ್ನು ಹೇಳಿಕೊಡಿ.

ಪ್ರಶ್ನೆ: ಕೊಡಗಿನವರು ಬಿಟ್ಟರೆ ಕರ್ನಾಟಕದಲ್ಲಿ ಹಾಕಿ ಆಡಿದವರು ಯಾರಿದ್ದಾರೆ ಬಿಡಿ. ಉತ್ತರ ಕರ್ನಾಟಕದಿಂದ ಒಬ್ಬರ ಹೆಸರು ಹೇಳಿ ನೋಡೋಣ.
– ಶಹಾಪುರ, ಬೆಳಗಾವಿ

ಉತ್ತರ: ಅಯ್ಯೋ, ಶಹಾಪುರದಲ್ಲಿ ಕೂತು ಈ ಸವಾಲಾ! ಬಂಡು ಪಾಟೀಲ. ನಿಮ್ಮ ಬೆಳಗಾವಿಯವರೇ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದವರು. ಅದು ಬರೀ ಚಿನ್ನವಲ್ಲ, 1960ರಲ್ಲಿ ರೋಮ್‌ನಲ್ಲಿ ಪಾಕಿಸ್ತಾನದ ಎದುರು 1-0ಯಿಂದ ಸೋತು ಕಳೆದುಕೊಂಡಿದ್ದನ್ನು, ಅದೇ ಪಾಕಿಸ್ತಾನದ ಎದುರು ಅದೇ 1-0ಯಿಂದ ವಾಪಸ್ ಇಸಿದುಕೊಂಡ ಚಿನ್ನ. ಹಾಕಿ ಈ ದೇಶಕ್ಕೆ ಬಂದಿದ್ದೇ ಬ್ರಿಟಿಷ್ ಸೈನ್ಯದ ಜತೆ, ದಂಡು ಬೀಡು ಬಿಟ್ಟ ಊರುಗಳಲ್ಲಿ ಮೊದಲು ಬೇರು ಬಿಟ್ಟಿತು. ಕ್ಯಾಂಪ್ ಇರುವ ಬೆಳಗಾವಿಗೆ ಇದು ಹೊಸ ಆಟ ಏನಲ್ಲ.

ಕೊಡಗಿನವರ ಮಾತು ಒಪ್ಪುತ್ತೇನೆ. 1997ರಿಂದ ಮನೆತನಗಳ ನಡುವೆ ಹಾಕಿ ಹಬ್ಬ ಮಾಡುತ್ತಾರೆ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ನಮ್ಮಲ್ಲಿ ಅಜ್ಜ-ಮೊಮ್ಮಗ ಸೇರೋದು ಹೊಲದ ತಕರಾರಿಗೆ ಮಾತ್ರ.

ಪ್ರಶ್ನೆ: ನಮ್ಮ ಮನೆಯವರು ನಡುರಾತ್ರಿ ಮೊಬೈಲ್ ಹಿಡಿದು ‘ಹೊಡಿ, ಹೊಡಿ’ ಅಂತ ಕೂಗುತ್ತಾರೆ. ಮಗು ಎದ್ದು ಅಳುತ್ತದೆ. ಕೇಳಿದರೆ ಯುರೋಪಿನಲ್ಲಿ ಹಾಕಿ ಪ್ರೊ ಲೀಗ್ ಅಂತೆ. ಇದಕ್ಕೆ ಔಷಧಿ ಏನಾದರೂ ಇದೆಯಾ?
– ಗೋಕಾಕ

ಉತ್ತರ: ಅಕ್ಕಾರೆ, ಔಷಧಿ ಇಲ್ಲ, ಎಚ್ಚರಿಕೆ ಇದೆ. 2026ರ ವಿಶ್ವಕಪ್ ಇರೋದು ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ, ಅದೂ ಆಗಸ್ಟ್‌ನಲ್ಲಿ. ಆ ತಿಂಗಳು ಅವರಿಗಿಂತ ನಾವು ಮೂರೂವರೆ ತಾಸು ಮುಂದೆ. ಅಲ್ಲಿ ರಾತ್ರಿ ಎಂಟಕ್ಕೆ ಆಟ ಸುರುವಾದರೆ ಗೋಕಾಕದಲ್ಲಿ ಹನ್ನೊಂದೂವರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜಗೀರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದ ದಿನವೇ ನಮ್ಮವರ ಟಿಕೆಟ್ ಪಕ್ಕಾ ಆಗಿದೆ. ಅಂದರೆ ನಿಮ್ಮ ನಿದ್ದೆಗೆಡುವುದೂ ಪಕ್ಕಾ.

ಒಂದು ಇಯರ್‌ಫೋನ್ ಕೊಡಿಸಿ. ಅದು ಕಿವಿಗೆ ಮಾತ್ರ, ಬಾಯಿಗಲ್ಲ, ಗೊತ್ತು. ಅದಕ್ಕೆ ಇನ್ನೊಂದು ಕರಾರು ಹಾಕಿ: ಕೂಗಿ ಮಗುವನ್ನು ಎಬ್ಬಿಸಿದವರೇ ತೊಟ್ಟಿಲು ತೂಗಬೇಕು. ಪಂಚಮಿ ಹಬ್ಬವೂ ಅದೇ ಹೊತ್ತಿಗೆ ಬರುತ್ತದೆ, ಉಂಡಿ ಕಟ್ಟೋಕೆ ಕೂರಿಸಿ. ಕೈ ಖಾಲಿ ಇಲ್ಲದಿದ್ದರೆ ಮೊಬೈಲ್ ಹಿಡಿಯೋದು ಹೇಗೆ?

ಪ್ರಶ್ನೆ: 2026ರ ಗ್ಲ್ಯಾಸ್ಗೋ ಕಾಮನ್‌ವೆಲ್ತ್ ಕೂಟದಿಂದ ಹಾಕಿ ತೆಗೆದರು ಅಂತ ಪೇಪರಿನಲ್ಲಿ ಓದಿ ರಕ್ತ ಕುದಿಯಿತು. ಆಫೀಸಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನಿಮಗೆ?
– ಗುಮಾಸ್ತ, ಜಮಖಂಡಿ

ಉತ್ತರ: ನನಗೂ ಕುದಿಯಿತು, ಆಮೇಲೆ ಲೆಕ್ಕ ಹಾಕಿದೆ. ಖರ್ಚು ಕಡಿಮೆ ಮಾಡೋಕೆ ಅಂತ ಹತ್ತೇ ಆಟ ಇಟ್ಟುಕೊಂಡಿದ್ದಾರೆ, ಕುಸ್ತಿ, ಬ್ಯಾಡ್ಮಿಂಟನ್, ಶೂಟಿಂಗ್ ಕೂಡ ಇಲ್ಲ. ನಮಗೆ ಪದಕ ತರುವ ಆಟಗಳನ್ನೇ ಹುಡುಕಿ ತೆಗೆದ ಹಾಗಿದೆ. ಆದರೆ ಗಂಡಸರ ಹಾಕಿಯಲ್ಲಿ ಈ ಕೂಟ ನಮಗೆ ಕೊಟ್ಟಿದ್ದೇನು? ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 2010ರಲ್ಲಿ 8-0, 2014ರಲ್ಲಿ 4-0, 2022ರಲ್ಲಿ 7-0 ಸೋಲು. ಚಿನ್ನ ತಂದಿದ್ದು ಹೆಣ್ಣುಮಕ್ಕಳು, 2002ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಅವರ ಸಲುವಾಗಿ ಮಾತ್ರ ಸಿಟ್ಟಾಗೋಣ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಹಾಕಿ ಆಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಅವರ ಕಾಕಾ ‘ಹಲ್ಲು ಮುರಿದರೆ ಮದುವೆ ಯಾರು ಮಾಡಿಕೊಳ್ತಾರೆ’ ಅನ್ನುತ್ತಾರೆ. ನಮ್ಮದು ಹೊಲಿಗೆ ಕೆಲಸದ ಮನೆ, ಸಾಮಾನಿಗೆ ಎಷ್ಟು ಖರ್ಚು ಬರುತ್ತದೋ ಅಂತ ಹೆದರಿಕೆ.
– ತಾಯಿ, ಖಾನಾಪುರ

ಉತ್ತರ: ಮೊದಲು ಕಾಕಾರಿಗೆ. ಹಲ್ಲಿಗೆ ಮೌತ್‌ಗಾರ್ಡ್ ಅಂತ ಸಿಗುತ್ತದೆ, ಬಾಯೊಳಗೆ ಇಟ್ಟುಕೊಂಡು ಆಡೋದು. ಅವರಿಗೂ ಒಂದು ತಂದುಕೊಡಿ, ಮನೆಯಲ್ಲಿ ಸ್ವಲ್ಪ ಶಾಂತಿ ಇರುತ್ತದೆ.

ಖರ್ಚಿನ ಮಾತು. ಒಮ್ಮೆಲೇ ಎಲ್ಲಾ ಕೊಳ್ಳಬೇಡಿ. ಮೊದಲು ಶಿನ್ ಪ್ಯಾಡ್, ಮೌತ್‌ಗಾರ್ಡ್, ಒಂದು ಸಾದಾ ಸ್ಟಿಕ್. ಸ್ಟಿಕ್ ಅವಳ ಸೊಂಟದವರೆಗೆ ಬಂದರೆ ಸಾಕು. ಬೆಳೆಯುವ ಹುಡುಗಿ ಅಂತ ಉದ್ದದ್ದು ತರಬೇಡಿ, ಲಂಗ ಅಲ್ಲ ಅದು, ಮಡಚಿ ಹೊಲಿಯೋಕೆ ಬರುವುದಿಲ್ಲ (ನಿಮಗೆ ಈ ಮಾತು ಬೇಗ ಹತ್ತುತ್ತದೆ). ಹಳೆಯ ಸ್ಟಿಕ್ ಸಿಕ್ಕರೂ ತಪ್ಪಿಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಗಳಿವೆ, ಮಕ್ಕಳನ್ನು ಆರಿಸಿ ಊಟ-ವಸತಿ ಕೊಟ್ಟು ಕಲಿಸುತ್ತಾರೆ. ಬೆಳಗಾವಿಗೆ ಬಂದಾಗ ಜಿಲ್ಲಾ ಕಚೇರಿಯಲ್ಲಿ ಒಮ್ಮೆ ಕೇಳಿ, ಆಯ್ಕೆ ಯಾವಾಗ, ಯಾವ ವಯಸ್ಸಿಗೆ ಅಂತ. ಫೋನಿನಲ್ಲಿ ಕೇಳಬೇಡಿ, ನಾಳೆ ಮಾಡಿ ಅಂತಾರೆ.

ರಾಣಿ ರಾಂಪಾಲ್ ಕಥೆ ಮಗಳಿಗೆ ಗೊತ್ತೇ ಇರುತ್ತದೆ, ನೀವು ಕೇಳಿಸಿಕೊಳ್ಳಿ. ಹರಿಯಾಣದ ಶಾಹಾಬಾದ್‌ನವರು. ಅಪ್ಪ ಗಾಡಿ ಎಳೆಯುತ್ತಿದ್ದರು. ಮುರಿದ ಸ್ಟಿಕ್ಕಿನಲ್ಲಿ ಕಲಿತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರು ಕ್ಯಾಪ್ಟನ್ ಆಗಿದ್ದ ತಂಡ 2021ರಲ್ಲಿ ಟೋಕಿಯೊದ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಮನೆಗೆ ಕಳಿಸಿತು. ಕೊನೆಗೆ ಬ್ರಿಟನ್ ಎದುರು 4-3ರಿಂದ ಸೋತು ನಾಲ್ಕನೆಯವರಾದರು, ನಾನು ಅತ್ತೆ. ಮುಂದೆ ಪ್ಯಾರಿಸ್‌ಗೆ ಅರ್ಹತೆಯೇ ಸಿಗಲಿಲ್ಲ, ಅದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಈ ಆಟದಲ್ಲಿ ನೌಕರಿ, ಹೆಸರು ಎಲ್ಲರಿಗೂ ಸಿಗುವುದಿಲ್ಲ. ಹನ್ನೆರಡನೆಯ ವಯಸ್ಸಿಗೆ ಅದರ ಲೆಕ್ಕ ಯಾಕೆ? ಸಂಜೆ ಎರಡು ತಾಸು ಓಡಿ ಬಂದು ಹೊಟ್ಟೆ ತುಂಬಾ ಉಂಡು ಮಲಗುತ್ತಾಳೆ, ಅಷ್ಟಾದರೂ ಸಾಕಲ್ಲ.

ಪ್ರಶ್ನೆ: ನಿಮ್ಮ ಪೇಟೆ ಮಂದಿಗೆ ಹಾಕಿ, ಕ್ರಿಕೆಟ್ ಬಿಟ್ಟರೆ ಬೇರೆ ಕೆಲಸ ಇಲ್ಲವೇನ್ರಿ? ಗುರ್ಲಾಪುರ ಕ್ರಾಸಿನಲ್ಲಿ ನಾವು ರಸ್ತೆ ಮೇಲೆ ಮಲಗಿದ್ದಾಗ ನೀವು ಎಲ್ಲಿದ್ದಿರಿ? ಕಬ್ಬಿನ ಬಗ್ಗೆ ಒಂದು ಸಾಲು ಬರೆಯಿರಿ.
– ಕಬ್ಬು ಬೆಳೆಗಾರ, ಮೂಡಲಗಿ ತಾಲೂಕು

ಉತ್ತರ: ಯಜಮಾನರೇ, ನಾನಿದ್ದಿದ್ದು ಮನೆಯಲ್ಲಿ, ಟಿವಿ ಮುಂದೆ. ಸುಳ್ಳು ಹೇಳುವುದಿಲ್ಲ. 2025ರ ನವೆಂಬರ್‌ನಲ್ಲಿ ನೀವು ಟನ್ನಿಗೆ 3,500 ರೂಪಾಯಿ ಕೇಳಿದಿರಿ, ಕೊನೆಗೆ 3,300ಕ್ಕೆ ಬಂದು ನಿಂತಿತು. ನಡುವಿನ 200 ರೂಪಾಯಿ ಪೇಟೆಯವರಿಗೆ ಎರಡು ತಟ್ಟೆ ಗಿರ್ಮಿಟ್, ನಾಲ್ಕು ಚಹಾ. ನೂರು ಟನ್ ಕಳಿಸುವವನಿಗೆ 20,000. ಇದು ನನಗೆ ಹೊಳೆದಿದ್ದು ತಡವಾಗಿ, ಲೆಕ್ಕ ಬರೆದು ನೋಡಿದ ಮೇಲೆ.

ಈಗ ನಿಮಗೊಂದು ಸುದ್ದಿ, ಹಾಕಿಯದೇ, ಸಿಟ್ಟಾಗಬೇಡಿ. ಪ್ಯಾರಿಸ್ ಒಲಿಂಪಿಕ್ಸ್‌ನ ಆ ನೀಲಿ ಮೈದಾನದ ಹುಲ್ಲಿನ ಎಳೆ ಇದೆಯಲ್ಲ, ಅದರ ಪ್ಲಾಸ್ಟಿಕ್ಕಿನ ಹೆಚ್ಚಿನ ಪಾಲು ಕಬ್ಬಿನಿಂದ ಮಾಡಿದ್ದು. ಕಬ್ಬಿನಿಂದ ಎಥೆನಾಲ್, ಎಥೆನಾಲ್‌ನಿಂದ ಪ್ಲಾಸ್ಟಿಕ್, ಅದರಿಂದ ಎಳೆ. ಹರ್ಮನ್‌ಪ್ರೀತ್ ಅಲ್ಲಿ ಹತ್ತು ಗೋಲು ಹೊಡೆದರಲ್ಲ, ಅಷ್ಟೂ ಕಬ್ಬಿನ ಮೇಲೆ ನಿಂತೇ ಹೊಡೆದದ್ದು. ಕಬ್ಬು ಬ್ರೆಜಿಲ್‌ನದು, ನಮ್ಮದಲ್ಲ. ಆ ಬಿಲ್ಲು ಸಮಯಕ್ಕೆ ಆಯಿತೋ ಇಲ್ಲವೋ ಅಂತ ನೀವು ಕೇಳುತ್ತೀರಿ, ಗೊತ್ತು.

ಪ್ರಶ್ನೆ: ಮೂವತ್ತು ವರ್ಷ ರೈಲ್ವೆ ಗೇಟ್ ಕಾಯ್ದೆ. ಬೈದವರೇ ಎಲ್ಲಾ, ಹೊಗಳಿದವರು ಒಬ್ಬರಿಲ್ಲ. ಗೋಲ್‌ಕೀಪರ್ ಶ್ರೀಜೇಶ್ ಗೋಲ್‌ಪೋಸ್ಟ್ ಹತ್ತಿ ಕೂತರೆ ದೇಶವೇ ಚಪ್ಪಾಳೆ ತಟ್ಟಿತು. ಅವರೂ ಕಾಯುವವರು, ನಾನೂ ಕಾಯುವವನು.
– ನಿವೃತ್ತ ಗೇಟ್‌ಮನ್, ಟಿಳಕವಾಡಿ

ಉತ್ತರ: ಕಾಕಾ, ನೀವು ಗೇಟ್ ಹತ್ತಿ ಕೂತಿದ್ದರೆ ಸಸ್ಪೆಂಡ್ ಮಾಡುತ್ತಿದ್ದರು. ಆದರೆ ಹೋಲಿಕೆ ಸರಿಯಾಗಿದೆ. ಪ್ಯಾರಿಸ್‌ನಲ್ಲಿ ಬ್ರಿಟನ್ ಎದುರು 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು. ಉಳಿದ 43 ನಿಮಿಷ ಹತ್ತೇ ಮಂದಿ. 1-1ಕ್ಕೆ ಉಳಿಸಿ, ಶೂಟೌಟ್‌ನಲ್ಲಿ 4-2ಕ್ಕೆ ಗೆಲ್ಲಿಸಿದ್ದು ಹಿಂದೆ ನಿಂತ ಆ ಮನುಷ್ಯ. ನಿವೃತ್ತಿ ಆದ ಮೇಲೆ ಅವರ 16ನೇ ನಂಬರನ್ನು ಹಿರಿಯರ ತಂಡದಲ್ಲಿ ಇನ್ಯಾರಿಗೂ ಕೊಡುವುದಿಲ್ಲ ಅಂತ ಹಾಕಿ ಇಂಡಿಯಾ ಹೇಳಿತು. ಗೇಟಿನ ಈಚೆ ಸ್ಕೂಟರ್ ನಿಲ್ಲಿಸಿಕೊಂಡು ಗೊಣಗಿದವರಲ್ಲಿ ನಾನೂ ಒಬ್ಬ. ನಿಮ್ಮ ಗೇಟ್ ಅದೇ ಆಗಿದ್ದರೆ, ಕ್ಷಮಿಸಿ.

ಪ್ರಶ್ನೆ: ಬೆಳಗಾವಿ ಕುಂದಾ, ಗೋಕಾಕ ಕರದಂಟು, ಅಮೀನಗಡ ಕರದಂಟು. ಯಾವುದು ಮೇಲು?
– ಹುನಗುಂದ

ಉತ್ತರ: ಮೂರೂ ಕಡೆ ಈ ಪತ್ರಿಕೆ ಮಾರಾಟವಾಗುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಇಷ್ಟೆಲ್ಲಾ ಹೇಳ್ತೀರಿ, ನೀವು ಎಂದಾದರೂ ಸ್ಟಿಕ್ ಹಿಡಿದಿದ್ದೀರಾ?
– ಅನಗೋಳ, ಬೆಳಗಾವಿ

ಉತ್ತರ: ಹಿಡಿದಿದ್ದೇನೆ. ಎಂಟನೇ ಕ್ಲಾಸು, ತಾಲೂಕು ಮಟ್ಟದ ಪಂದ್ಯ, ಹನ್ನೊಂದನೆಯವನಿಗೆ ಜ್ವರ ಬಂದಿತ್ತು ಅಂತ ಪಿ.ಟಿ. ಮಾಸ್ತರರು ನನ್ನನ್ನು ನಿಲ್ಲಿಸಿದರು. ಕಾಲಿಗೆ ಪ್ಯಾಡ್ ಇರಲಿಲ್ಲ, ಒಳಗೆ ಎರಡು ನೋಟ್‌ಬುಕ್ ಕಟ್ಟಿಕೊಂಡಿದ್ದೆ, ಒಂದು ಗಣಿತದ್ದು. ಚೆಂಡು ನನ್ನ ಕಡೆ ಬಂದಿದ್ದು ಒಂದೇ ಸಲ, ನೇರವಾಗಿ ಗಣಿತಕ್ಕೆ ಬಡಿಯಿತು. ಎದುರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಮರುದಿನ ಹೋಮ್‌ವರ್ಕ್ ತೋರಿಸು ಅಂದಾಗ ಆ ಹರಿದ ನೋಟ್‌ಬುಕ್ ಎತ್ತಿ ತೋರಿಸಿದೆ. ಅದಕ್ಕೂ ಹೊಡೆದರು.