ಕಾರ್ಡಿನ ಮೇಲೆ ‘ಡಿಸೈನರ್’ ಅಂತಿದೆ

ಪ್ರಶ್ನೆ: ಬಿ.ಆರ್ಕ್ ಮುಗಿಸಿ ಭಾರತದಲ್ಲಿ 14 ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ. ಈಗ ಅಮೆರಿಕದ ಒಂದು ಆಫೀಸಿನಲ್ಲಿದ್ದೇನೆ, ಕಾರ್ಡಿನ ಮೇಲೆ ‘ಡಿಸೈನರ್’ ಎಂದಿದೆ. ಇಲ್ಲಿ ಆರ್ಕಿಟೆಕ್ಟ್ ಲೈಸೆನ್ಸ್ ಪಡೆಯಲು ಹಳೆಯ ಕೆಲಸದ ಫೈಲ್ ಕಳಿಸಿ ಇಂಟರ್‌ವ್ಯೂ ಕೊಟ್ಟರೆ ಸಾಕು ಎಂದು ಸ್ನೇಹಿತರೊಬ್ಬರು ಹೇಳಿದರು. ನಿಜವಾ? ಮತ್ತೆ ಕಾಲೇಜಿಗೆ ಹೋಗಬೇಕಾ?

ಉತ್ತರ: ಆ ಸ್ನೇಹಿತರು ಸುಳ್ಳು ಹೇಳಿಲ್ಲ, ಹಳೇ ಸುದ್ದಿ ಹೇಳಿದ್ದಾರೆ. ಫೈಲ್, ಇಂಟರ್‌ವ್ಯೂ ಇದ್ದ ಆ ದಾರಿ 2016ರಲ್ಲಿ ಮುಚ್ಚಿತು. ಅದರ ಬದಲು ಎನ್‌ಕಾರ್ಬ್ (ಅಲ್ಲಿನ ರಾಜ್ಯಗಳ ಆರ್ಕಿಟೆಕ್ಟ್ ಬೋರ್ಡುಗಳ ಒಕ್ಕೂಟ) ಈಗ ‘ಫಾರಿನ್ ಆರ್ಕಿಟೆಕ್ಟ್ ಪಾತ್’ ಇಟ್ಟಿದೆ. ಬೇರೆ ದೇಶದಲ್ಲಿ ಲೈಸೆನ್ಸ್ ಪಡೆದವರು ಡಿಗ್ರಿಯನ್ನು ಮತ್ತೆ ಓದಬೇಕಿಲ್ಲ. ಆದರೆ ಅನುಭವವನ್ನು ಗಂಟೆ ಲೆಕ್ಕದಲ್ಲಿ ತೋರಿಸಬೇಕು, ಪರೀಕ್ಷೆಯನ್ನೂ ಬರೆಯಬೇಕು.

ಲೆಕ್ಕ ಹೀಗಿದೆ. ಈ ಅನುಭವದ ಲೆಕ್ಕಕ್ಕೆ ಎಎಕ್ಸ್‌ಪಿ ಎನ್ನುತ್ತಾರೆ. ಒಟ್ಟು 3,740 ಗಂಟೆ, ಆರು ಭಾಗ. ಅದರಲ್ಲಿ 1,520 ಗಂಟೆ ವರ್ಕಿಂಗ್ ಡ್ರಾಯಿಂಗ್ ಮತ್ತು ಸ್ಪೆಸಿಫಿಕೇಶನ್ ಕೆಲಸಕ್ಕೇ ಹೋಗುತ್ತದೆ. ಪ್ರಾಕ್ಟೀಸ್ ಮ್ಯಾನೇಜ್‌ಮೆಂಟ್‌ಗೆ ಬರೀ 160. ನಾನು ಅಮೆರಿಕಕ್ಕೆ ಹೋದಾಗ 11 ವರ್ಷದ ಅನುಭವ ಇತ್ತು. ಮೊದಲ ವಾರ ಸಿಕ್ಕ ಕೆಲಸ ಡೋರ್ ಶೆಡ್ಯೂಲ್, ಅಂದರೆ ಬಾಗಿಲುಗಳ ಪಟ್ಟಿ! ಬೇಜಾರಾಗಿತ್ತು. ಆಮೇಲೆ ಗಂಟೆ ತುಂಬಿಸುವಾಗ ಗೊತ್ತಾಯಿತು, ಆ ದೊಡ್ಡ ಭಾಗ ತುಂಬುತ್ತಿದ್ದದ್ದು ಅಂಥ ಕೆಲಸದಿಂದಲೇ.

ಲೈಸೆನ್ಸ್‌ಗೆ ಬರೆಯಬೇಕಾದ ಎಆರ್‌ಇ ಪರೀಕ್ಷೆಯಲ್ಲೂ ಆರು ಪೇಪರ್. ನಮ್ಮವರು ಎಡವುವುದು ಡಿಸೈನಿನಲ್ಲಲ್ಲ, ಕೈಗೆ ಅಂಟಿದ ಅಭ್ಯಾಸದಲ್ಲಿ. ನಮಗೆ ಗೋಡೆ ಅಂದರೆ ಇಟ್ಟಿಗೆ, ಕಾಲಂ, ಬೀಮ್. ಅಲ್ಲಿ 16 ಇಂಚಿಗೊಂದು ಮರದ ಸ್ಟಡ್ (ನೆಟ್ಟಗೆ ನಿಲ್ಲಿಸಿದ ಪಟ್ಟಿ), ಮೇಲೆ ಜಿಪ್ಸಮ್ ಬೋರ್ಡ್. ಅಲ್ಲಿನ ಬಿಲ್ಡಿಂಗ್ ಕೋಡ್ ಪ್ರಕಾರ ಸಾರ್ವಜನಿಕ ಕಟ್ಟಡದ ಮೆಟ್ಟಿಲ ಎತ್ತರ ಹೆಚ್ಚೆಂದರೆ 7 ಇಂಚು, ಕಾಲಿಡುವ ಜಾಗದ ಅಗಲ ಕಡಿಮೆಯೆಂದರೆ 11. ಮಿಲಿಮೀಟರಿನಲ್ಲೇ ಯೋಚಿಸುವವರಿಗೆ ಅಡಿ-ಇಂಚಿನ ಭಿನ್ನರಾಶಿ ತಲೆನೋವು. ನನಗೆ ಒಂದು ಪೇಪರ್ ಮೊದಲ ಸಲ ಹೋಯಿತು. ಫೇಲಾದರೆ 60 ದಿನ ಕಾಯಬೇಕು. ಪಾಸಾದ ಪೇಪರ್ 5 ವರ್ಷಕ್ಕೇ ಲೆಕ್ಕಕ್ಕಿಲ್ಲ ಅನ್ನುವ ನಿಯಮ ಮೊದಲಿತ್ತು, 2023ರಲ್ಲಿ ಅದನ್ನು ತೆಗೆದರು. ಮಕ್ಕಳು, ಆಫೀಸು ಎಲ್ಲ ನೋಡಿಕೊಂಡು ಓದುವವರಿಗೆ ಇದು ದೊಡ್ಡ ನೆಮ್ಮದಿ, ಅಲ್ವಾ?

ಇನ್ನೊಂದು ದಾರಿ ಎಂದರೆ ನಿಮ್ಮ ಬಿ.ಆರ್ಕ್ ಅನ್ನು ಈಸಾ (ಹೊರದೇಶದ ಆರ್ಕಿಟೆಕ್ಚರ್ ಓದನ್ನು ಅಳೆಯುವ ಸೇವೆ) ಮೂಲಕ ತೂಗಿ ನೋಡಿಸುವುದು. ಕೊರತೆ ಕಂಡರೆ ಅಷ್ಟು ವಿಷಯ ಮಾತ್ರ ಓದಿ ತುಂಬಿಸಬಹುದು. ನಿಮಗೆ ನಾನು ಹೇಳುವುದು ‘ಫಾರಿನ್ ಆರ್ಕಿಟೆಕ್ಟ್ ಪಾತ್’ ದಾರಿಯನ್ನೇ. ಆದರೆ ಒಂದು ಎಚ್ಚರ: ಭಾರತದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿಯನ್ನು ‘ಇನ್ನೇಕೆ ಬೇಕು ಅದು’ ಎಂದು ಬಿಟ್ಟುಬಿಡಬೇಡಿ. ಈ ದಾರಿಯಲ್ಲಿ ನಿಮ್ಮ ಊರುಗೋಲೇ ಅದು. ನವೀಕರಿಸಿಲ್ಲವಾದರೆ ಅರ್ಜಿ ಹಾಕುವ ಮೊದಲು ಸರಿಮಾಡಿಕೊಳ್ಳಿ.

ಎನ್‌ಕಾರ್ಬ್ ಕೊಡುವುದು ಸರ್ಟಿಫಿಕೇಟ್ ಮಾತ್ರ. ಲೈಸೆನ್ಸ್ ಕೊಡುವುದು ರಾಜ್ಯದ ಬೋರ್ಡ್, ಒಂದೊಂದು ಬೋರ್ಡಿನ ನಿಯಮ ಒಂದೊಂದು. ಕ್ಯಾಲಿಫೋರ್ನಿಯಾ ತನ್ನದೇ ಇನ್ನೊಂದು ಪರೀಕ್ಷೆ ಇಡುತ್ತದೆ. ಹಾಗಾಗಿ ಹಣ ಕಟ್ಟುವ ಮೊದಲು ನಿಮ್ಮ ರಾಜ್ಯದ ಬೋರ್ಡಿಗೆ ಒಂದು ಇಮೇಲ್ ಹಾಕಿ, ಈ ದಾರಿಯಲ್ಲಿ ಬಂದವರನ್ನು ಒಪ್ಪುತ್ತೀರಾ ಎಂದು ಕೇಳಿ. ಅಲ್ಲಿಯವರೆಗೆ ಕಾರ್ಡಿನಲ್ಲಿ ‘ಡಿಸೈನರ್’ ಇರಲಿ. ಲೈಸೆನ್ಸ್ ಇಲ್ಲದೆ ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳುವುದು ಅಲ್ಲಿ ಕಾನೂನಿಗೆ ವಿರುದ್ಧ.