‘ವಿಷದೊಳಗಿನ ಅಮೃತ’ ಲೇಖನದ ಕುರಿತು

ಮಾನ್ಯರೇ,

ಪ್ರಾಣಿಗಳ ನಂಜಿನಿಂದ ಹುಟ್ಟಿದ ಔಷಧಗಳ ಕುರಿತು ವಾಸ್ಕೋದಿಂದ ತಾವು ಕಳುಹಿಸಿದ ‘ವಿಷದೊಳಗಿನ ಅಮೃತ’ ಲೇಖನವನ್ನು ಮಾಟುಂಗಾದ ನಮ್ಮ ಕಚೇರಿಯಲ್ಲಿ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಬರೆದರೆ ಮತ್ತೆ ಓದುತ್ತೇನೆ.

ಮೊದಲ ಎರಡು ಪುಟಗಳು ಸಮುದ್ರಮಥನ, ನೀಲಕಂಠರ ವರ್ಣನೆಗೇ ಮುಗಿದಿವೆ. ಇವು ನಮ್ಮ ಓದುಗರಿಗೆ ಗೊತ್ತಿರುವ ಕಥೆಗಳು. ಗೊತ್ತಿಲ್ಲದ್ದು ಮೂರನೆಯ ಪುಟದಲ್ಲಿದೆ: ನಿಮ್ಮ ಮಗಳು ಕಡಲತೀರದಿಂದ ಹೆಕ್ಕಿ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟ, ಕಂದು ಚುಕ್ಕೆಗಳ, ಶಂಕುವಿನಾಕಾರದ ಖಾಲಿ ಚಿಪ್ಪು. ಲೇಖನ ಅಲ್ಲಿಂದಲೇ ಆರಂಭವಾಗಲಿ. ಅದು ಕೋನಸ್ ಕುಲದ ಕಡಲ ಬಸವನಹುಳುವಿನದು. ಈ ಕುಲದ ಬಸವನಹುಳುಗಳು ಈಟಿಯಂಥ ಟೊಳ್ಳು ಹಲ್ಲಿನಿಂದ ಬೇಟೆಗೆ ನಂಜು ಚುಚ್ಚುತ್ತವೆ. ಇವುಗಳಲ್ಲೊಂದಾದ ಕೋನಸ್ ಮೇಗಸ್‌ನ ನಂಜಿನಲ್ಲಿ ದೊರೆತ, ಕೇವಲ 25 ಅಮೈನೊ ಆಮ್ಲಗಳ (ಪ್ರೋಟೀನಿನ ಬಿಡಿ ಘಟಕಗಳ) ಕಿರು ಸರಪಳಿ, ಅಂದರೆ ಪೆಪ್ಟೈಡೊಂದು ನರತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ದ್ವಾರಗಳಾದ ಚಾನೆಲ್‌ಗಳನ್ನು ಮುಚ್ಚಿ, ನೋವಿನ ಸಂಕೇತ ಬೆನ್ನುಹುರಿಯಲ್ಲಿ ಮುಂದಕ್ಕೆ ಸಾಗದಂತೆ ತಡೆಯುತ್ತದೆ. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನೋವುನಿವಾರಕ ಝೈಕೊನೊಟೈಡ್ ಅದರದೇ ಕೃತಕ ರೂಪ. ಅದನ್ನು ಮಾತ್ರೆಯಾಗಿ ನುಂಗುವಂತಿಲ್ಲ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಪಂಪಿನಿಂದ ಹನಿಸಬೇಕು. ಇಷ್ಟನ್ನೂ ನೀವು ‘ಪ್ರಕೃತಿಯ ಪವಾಡ’ ಎಂಬೆರಡು ಪದಗಳಲ್ಲಿ ದಾಟಿಬಿಟ್ಟಿದ್ದೀರಿ.

ಚಾನೆಲ್, ಕಿಣ್ವ (ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು), ಗ್ರಾಹಕ ಮೂರನ್ನೂ ‘ಗ್ರಾಹಕ’ ಎಂದೇ ಕರೆದಿರುವುದು ದೊಡ್ಡ ದೋಷ. ಬ್ರೆಜಿಲ್ಲಿನ ಹಾವಿನ ನಂಜಿನ ಸುಳಿವಿನಿಂದ ರೂಪುಗೊಂಡ ರಕ್ತದೊತ್ತಡದ ಔಷಧ ಕ್ಯಾಪ್ಟೊಪ್ರಿಲ್ ತಡೆಯುವುದು ಕಿಣ್ವವನ್ನು. ಅಲ್ಲದೆ ‘ಗ್ರಾಹಕ’ ಎಂದೊಡನೆ ಮುಂಬಯಿಯ ಓದುಗನಿಗೆ ಅಂಗಡಿಯ ಗಿರಾಕಿ ನೆನಪಾಗುತ್ತಾನೆ. ಸಂಕೇತವನ್ನು ಹಿಡಿದು ಜೀವಕೋಶದ ಒಳಕ್ಕೆ ಮುಟ್ಟಿಸುವ ಪ್ರೋಟೀನು ಎಂದು ಮೊದಲೇ ಬಿಡಿಸಿ ಹೇಳಿ.

ನಿಜವಾದ ಗ್ರಾಹಕದ ಕಥೆ ನಿಮಗೆ ಬೇಕಿದ್ದರೆ ಅಮೆರಿಕದ ನಂಜಿನ ಗಿಲಾ ಮಾನ್‌ಸ್ಟರ್ ಹಲ್ಲಿಯದಿದೆ. ಊಟವಾದ ಮೇಲೆ ನಮ್ಮ ಕರುಳು ಸ್ರವಿಸುವ, ಇನ್ಸುಲಿನ್ ಬಿಡುಗಡೆಗೆ ಪ್ರೇರೇಪಿಸುವ ಜಿಎಲ್‌ಪಿ-1 ಹಾರ್ಮೋನು ಎರಡು ನಿಮಿಷ ಕಳೆಯುವಷ್ಟರಲ್ಲಿ ಅರ್ಧದಷ್ಟು ನಾಶವಾಗುತ್ತದೆ, ಏಕೆಂದರೆ ಅದರ ಸರಪಳಿಯಲ್ಲಿ ಎರಡನೆಯ ಸ್ಥಾನದ ಅಮೈನೊ ಆಮ್ಲ ಅಲನಿನ್‌ನ ಬಳಿ ಕಿಣ್ವವೊಂದು ಕತ್ತರಿ ಹಾಕುತ್ತದೆ. ಹಲ್ಲಿಯ ನಂಜಿನ ಪೆಪ್ಟೈಡ್ ಎಕ್ಸೆಂಡಿನ್-4ರಲ್ಲಿ ಆ ಜಾಗದಲ್ಲಿ ಗ್ಲೈಸಿನ್ ಇರುವುದರಿಂದ ಕತ್ತರಿ ಸುಲಭಕ್ಕೆ ನಾಟದು. ಜಿಎಲ್‌ಪಿ-1 ಕೂರುವ ಗ್ರಾಹಕವನ್ನೇ ಅದು ಗಂಟೆಗಟ್ಟಲೆ ಪ್ರಚೋದಿಸುತ್ತದೆ. 2005ರ ಮಧುಮೇಹದ ಔಷಧ ಎಕ್ಸೆನಟೈಡ್ ಇದರ ಕೃತಕ ರೂಪ. ಆದರೆ ‘ಓಜೆಂಪಿಕ್ ಹಲ್ಲಿಯ ವಿಷದಿಂದ ತಯಾರಾಗುತ್ತದೆ’ ಎಂಬ ನಿಮ್ಮ ವಾಕ್ಯ ತಪ್ಪು. ಮಧುಮೇಹದ ಆ ಔಷಧ ಮನುಷ್ಯನ ಜಿಎಲ್‌ಪಿ-1 ಹಾರ್ಮೋನನ್ನೇ ಮಾರ್ಪಡಿಸಿ ಮಾಡಿದ್ದು.

ಬೀಗ-ಕೀಲಿಯ ಹೋಲಿಕೆ ನಾಲ್ಕು ಕಡೆ ಬಂದಿದೆ, ಒಂದು ಸಾಕು.

ಚಿಪ್ಪಿನ ಫೋಟೊ ಜೊತೆಗಿರಲಿ. ಜೀವಂತ ಹುಳುವಿರುವ ಚಿಪ್ಪನ್ನು ಮಕ್ಕಳು ಮುಟ್ಟಬಾರದೆಂದೂ, ಕೆಲವು ಪ್ರಭೇದಗಳ ಚುಚ್ಚುವಿಕೆಯಿಂದ ಮನುಷ್ಯರು ಸತ್ತದ್ದಿದೆಯೆಂದೂ ಅದರ ಕೆಳಗೆ ತಪ್ಪದೆ ಬರೆಯಿರಿ.

ಇತಿ,
ಸಂಪಾದಕ